ಕೆಚ್ಚಲುಬಾವಿನ ಹಾಲು: ಆ ಏಳು ದಿನದ ನಷ್ಟ ಯಾರದು?

ಸಂಪಾದಕರಿಗೆ,

ಮಾನ್ಯರೇ,

ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳ ಬಗ್ಗೆ ಜಾಗೃತಿ ಸಪ್ತಾಹ ನಡೆಯುತ್ತದೆ. ಆಗ ಪತ್ರಿಕೆಗಳಲ್ಲಿ ಕೋಳಿ ಫಾರಂಗಳ ಸುದ್ದಿ ಬರುತ್ತದೆ, ಸಪ್ತಾಹದ ಜೊತೆಗೇ ಮರೆಯಾಗುತ್ತದೆ. ಕೋಳಿಯ ಬಗೆಗಿನ ಆತಂಕವೇನೂ ಸುಳ್ಳಲ್ಲ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಬಳಕೆಯನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಐಸಿಯುನಲ್ಲಿರುವ ರೋಗಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಕೊಡುವ ಔಷಧ ಅದು. ಆದರೆ ಮನೆಮನೆಯ ಕೊಟ್ಟಿಗೆಯಲ್ಲಿ ಎರಡು–ಮೂರು ಮಿಶ್ರತಳಿ ಹಸುಗಳಿರುವ ನಮ್ಮ ಜಿಲ್ಲೆಗಳಲ್ಲಿ ಆಂಟಿಬಯೋಟಿಕ್ ಬಳಕೆಯ ದೊಡ್ಡ ಬಾಗಿಲು ಕೆಚ್ಚಲುಬಾವು. ಅದರ ಬಗ್ಗೆ ಬರೆಯುವವರು ಕಡಿಮೆ.

ಮೊದಲು ಕಾನೂನು. 2012ರ ಜನವರಿಯಲ್ಲಿ ಔಷಧ ನಿಯಮಾವಳಿಯ 97ನೇ ನಿಯಮಕ್ಕೆ ತಿದ್ದುಪಡಿ ಬಂತು. ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧದ ಮೇಲೆ, ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಅವುಗಳ ಉತ್ಪನ್ನ ಬಳಸಬಾರದು ಎಂದು ಮುದ್ರಿಸಲೇಬೇಕು. ಮುದ್ರಿಸಿಲ್ಲವಾದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ಹಿಡಿಯಬೇಕು. ಗಮನಿಸಿ, ಏಳು ದಿನ ಎಣಿಸುವುದು ಕೊನೆಯ ಇಂಜೆಕ್ಷನ್‌ನಿಂದ, ಮೊದಲನೆಯದರಿಂದಲ್ಲ. ಮೂರು ದಿನದ ಚಿಕಿತ್ಸೆ ಎಂದರೆ ಹೆಚ್ಚುಕಡಿಮೆ ಹತ್ತು ದಿನದ ಹಾಲು ಚೆಲ್ಲಬೇಕು. ದಿನಕ್ಕೆ 10 ಲೀಟರ್ ಕೊಡುವ ಹಸು, ಲೀಟರಿಗೆ ₹35 ಎಂದು ಹಿಡಿದರೂ ₹3,500. ಔಷಧ, ವೈದ್ಯರ ಖರ್ಚು ಬೇರೆ. ಹಿಂಡಿ, ಬೂಸಾದ ಸಾಲವನ್ನು ಹಾಲಿನ ಬಟವಾಡೆಯಲ್ಲೇ ಮುರಿದುಕೊಳ್ಳುವ ಸಂಘದಲ್ಲಿ ಈ ಮೊತ್ತ ಸಣ್ಣದಲ್ಲ. ಹೀಗಾಗಿ ಬಹುಪಾಲು ಕಡೆ ನಡೆಯುವುದು ಇದು: ಬಾವು ಬಂದ ಮೊಲೆಯ ಹಾಲನ್ನು ಮಾತ್ರ ನೆಲಕ್ಕೆ ಕರೆದು, ಉಳಿದ ಮೂರು ಮೊಲೆಯ ಹಾಲನ್ನು ಡೇರಿಗೆ ಹಾಕುತ್ತಾರೆ.

ಅದರಲ್ಲೇನು ತಪ್ಪು ಎಂದು ಕೇಳುವ ರೈತರಿಗೆ ಉತ್ತರ ನೇರವಾಗಿದೆ. ಕುತ್ತಿಗೆಗೋ ರಕ್ತನಾಳಕ್ಕೋ ಕೊಟ್ಟ ಇಂಜೆಕ್ಷನ್ ರಕ್ತದ ಮೂಲಕ ನಾಲ್ಕೂ ಮೊಲೆಗೆ ಬರುತ್ತದೆ. ಒಂದೇ ಮೊಲೆಗೆ ಹಾಕಿದ ಟ್ಯೂಬಿನ ಔಷಧವೂ ರಕ್ತಕ್ಕೆ ಸೇರಿ, ಸ್ವಲ್ಪ ಪ್ರಮಾಣದಲ್ಲಾದರೂ, ಉಳಿದ ಮೊಲೆಗಳಲ್ಲಿ ಇಳಿಯಬಹುದು. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಮನೆಯ ಒಲೆಯ ಮೇಲಿನ ಕುದಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಔಷಧದ ಬಹುಭಾಗ ಹಾಗೇ ಉಳಿಯುತ್ತದೆ.

‘ನಮ್ಮ ಹತ್ತು ಲೀಟರ್ ಸಾವಿರಾರು ಲೀಟರಿನಲ್ಲಿ ಕರಗಿಹೋಗುತ್ತದೆ ಬಿಡಿ’ ಎಂಬ ಮಾತಿಗೂ ಲೆಕ್ಕ ಹಾಕಿ ನೋಡಬಹುದು. ಹಾಲಿನಲ್ಲಿ ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 4 ಮೈಕ್ರೊಗ್ರಾಂ. ಅಂದರೆ ಸಾವಿರ ಲೀಟರಿಗೆ ಸುಮಾರು 4 ಮಿಲಿಗ್ರಾಂ. ಕೆಚ್ಚಲಿಗೆ ಹಾಕುವ ಒಂದು ಮಾಮೂಲಿ ಟ್ಯೂಬಿನಲ್ಲಿ 75 ಮಿಲಿಗ್ರಾಂ ಆಂಪಿಸಿಲಿನ್ ಮತ್ತು 200 ಮಿಲಿಗ್ರಾಂ ಕ್ಲಾಕ್ಸಾಸಿಲಿನ್ ಇರುತ್ತದೆ. ಮರುಹೊತ್ತಿನ ಹಾಲಿನಲ್ಲಿ ಆ ಆಂಪಿಸಿಲಿನ್‌ನ 10 ಮಿಲಿಗ್ರಾಂ ಮಾತ್ರ ಉಳಿದಿದೆ ಎಂದುಕೊಳ್ಳಿ. ಪೆನಿಸಿಲಿನ್ ಗುಂಪಿನ ಆ ಮಿತಿಯನ್ನೇ ಹಿಡಿದರೆ 2,500 ಲೀಟರ್ ಹಾಲನ್ನು ಮಿತಿಗೆ ತಂದು ನಿಲ್ಲಿಸಲು ಅಷ್ಟು ಸಾಕು. ಒಂದು ಹಸು, ಒಂದು ಹೊತ್ತು. ಮೊಸರು ಮಾಡುವ ಘಟಕದವರಿಗೆ ಇದು ಚೆನ್ನಾಗಿ ಗೊತ್ತು: ಹೆಪ್ಪಿನ ಸೂಕ್ಷ್ಮಾಣುಗಳು ಪೆನಿಸಿಲಿನ್ ಗುಂಪಿನ ಔಷಧಕ್ಕೆ ಬಹಳ ಬೇಗ ಸೋಲುತ್ತವೆ, ಹೆಪ್ಪು ನಿಧಾನವಾಗುತ್ತದೆ ಇಲ್ಲವೇ ಕೂರುವುದೇ ಇಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ ಆಂಟಿಬಯೋಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದು ಚಿಲ್ಲರೆ. ಇದನ್ನು ತೋರಿಸಿ ಸಮಸ್ಯೆ ಸಣ್ಣದು ಎನ್ನುವವರಿದ್ದಾರೆ. ಅವರು ಎರಡು ಸಂಗತಿಗಳನ್ನು ಒಂದೇ ಎಂದು ಭಾವಿಸುತ್ತಾರೆ. ಹಾಲಿನಲ್ಲಿ ಔಷಧದ ಶೇಷ ಉಳಿಯುವುದು ಒಂದು. ಹಸುವಿನ ಕೆಚ್ಚಲಲ್ಲಿ, ಕರುಳಿನಲ್ಲಿ, ಸಗಣಿಯಲ್ಲಿ ಔಷಧಕ್ಕೆ ಬಗ್ಗದ ತಳಿ ಬೆಳೆಯುವುದು ಇನ್ನೊಂದು. ಹಾಲು ಪೂರಾ ಚೆಲ್ಲಿದರೂ ಎರಡನೆಯದು ನಿಲ್ಲುವುದಿಲ್ಲ. ಸೆಫ್‌ಟ್ರಯಾಕ್ಸೋನ್‌ನಂಥ ಮೂರನೇ ತಲೆಮಾರಿನ ಔಷಧವನ್ನು ಕಂಡಕಂಡ ಕೆಚ್ಚಲುಬಾವಿಗೆಲ್ಲ ಹೊಡೆದರೆ ಕರುಳಿನ ಇ. ಕೋಲಿಗಳಲ್ಲಿ ಆ ಔಷಧವನ್ನು ಒಡೆದುಹಾಕುವ ಕಿಣ್ವ ಇರುವ ತಳಿಗಳಷ್ಟೇ ಬದುಕಿ ಹೆಚ್ಚುತ್ತವೆ. ಆ ಗುಣವನ್ನು ಹೊತ್ತ ಜೀನ್ ಒಂದು ಸೂಕ್ಷ್ಮಾಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಸಗಣಿ ಎತ್ತುವ ಕೈಗೆ, ಹಸಿ ಹಾಲಿಗೆ, ಬಾವಿಯ ನೀರಿಗೆ ಹೋಗಲು ಅದಕ್ಕೆ ಹಾದಿಗಳಿವೆ. ಅಂಥ ತಳಿಯಿಂದ ಮನುಷ್ಯರಿಗೆ ಮೂತ್ರದ ಸೋಂಕು ಬಂದರೆ ಮಾತ್ರೆಯಲ್ಲಿ ವಾಸಿಯಾಗಬೇಕಾದ್ದಕ್ಕೆ ಆಸ್ಪತ್ರೆಗೆ ಸೇರಿ ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ನ ಇಂಜೆಕ್ಷನ್ ತೆಗೆದುಕೊಳ್ಳುವ ಸ್ಥಿತಿ ಬರಬಹುದು.

ಚೆಲ್ಲಬೇಕಾದ ಹಾಲು ಕರುವಿನ ಹೊಟ್ಟೆಗೆ ಹೋಗುವುದು ಇನ್ನೊಂದು ದೊಡ್ಡ ತಪ್ಪು. ಹಾಳು ಮಾಡಲು ಮನಸ್ಸು ಬಾರದೆ ಕರುವಿಗೆ ಕುಡಿಸುತ್ತಾರೆ. ಅಲ್ಪ ಪ್ರಮಾಣದ ಔಷಧ ದಿನಾ ಕರುಳಿಗೆ ಬೀಳುವುದು ನಿರೋಧಕ ತಳಿ ಬೆಳೆಯಲು ಹೇಳಿ ಮಾಡಿಸಿದ ಸ್ಥಿತಿ. ಮೇಲೆ ಬಾವಿನ ಸೂಕ್ಷ್ಮಾಣುಗಳೂ ಜೊತೆಗೆ ಹೋಗುತ್ತವೆ. ಗೋಬರ್ ಗ್ಯಾಸ್ ಗುಂಡಿಗೂ ಆ ಹಾಲು ಸುರಿಯಬಾರದು, ಗ್ಯಾಸ್ ಉತ್ಪಾದಿಸುವ ಸೂಕ್ಷ್ಮಾಣುಗಳಿಗೆ ಪೆಟ್ಟು ಬೀಳುತ್ತದೆ. ಬಾವಿ, ಬೋರ್‌ವೆಲ್, ಕಾಲುವೆಯಿಂದ ದೂರ ಒಂದು ಗುಂಡಿ ತೋಡಿ ಮಣ್ಣು ಮುಚ್ಚುವುದು ಸದ್ಯಕ್ಕೆ ಇರುವುದರಲ್ಲಿ ಮೇಲು.

ಇನ್ನು ಚಿಕಿತ್ಸೆಯ ರೀತಿ. ಇಲ್ಲಿ ವೈದ್ಯರು, ಔಷಧದಂಗಡಿಯವರು, ರೈತರು ಎಲ್ಲರ ಪಾಲೂ ಇದೆ. ಅತಿ ಸಾಮಾನ್ಯವಾದ ತಪ್ಪು ಅರೆಡೋಸ್. 400 ಕೆ.ಜಿ. ತೂಗುವ ಹಸುವಿಗೆ ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಕೆ.ಜಿ.ಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕಾದರೆ 4,000 ಮಿಲಿಗ್ರಾಂ ಬೇಕು. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ದ್ರಾವಣದಲ್ಲಿ ಅದು 80 ಮಿಲಿಲೀಟರ್. ಅಂಗಡಿಯಲ್ಲಿ ಸಿಗುವುದು 30 ಮಿಲಿಲೀಟರಿನ ಬಾಟಲಿ. ‘ಒಂದು ಬಾಟ್ಲಿ ಹಾಕ್ಸಿದ್ದೀನಿ ಸಾರ್’ ಎನ್ನುವವರ ಹಸುವಿಗೆ ಸಿಕ್ಕಿದ್ದು ಬೇಕಾದುದರ ಅರ್ಧವೂ ಅಲ್ಲ. ಎರಡನೆಯದು, ದಿನಕ್ಕೊಂದು ಔಷಧ ಬದಲಿಸುವುದು. ಸೋಮವಾರ ಒಂದು, ಮಂಗಳವಾರ ಹಾಲಿನಲ್ಲಿ ಗಡ್ಡೆ ಬರುವುದು ನಿಲ್ಲಲಿಲ್ಲವೆಂದು ಇನ್ನೊಂದು, ಬುಧವಾರ ಬೇರೆ ಊರಿನಿಂದ ಬಂದವರು ಮತ್ತೊಂದು. ಯಾವುದು ನಾಟಿತು, ಯಾವುದು ನಾಟಲಿಲ್ಲ ಎಂದು ದೇವರಿಗೂ ಹೇಳಲಾಗದು. ಮೂರನೆಯದು ಟ್ಯೂಬ್ ಹಾಕುವ ಕೈ. ಮೊಲೆಯನ್ನು ಪೂರ್ತಿ ಹಿಂಡಿ ಖಾಲಿ ಮಾಡಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಟ್ಯೂಬಿನ ಮೂತಿಯನ್ನು ಮೂರು–ನಾಲ್ಕು ಮಿಲಿಮೀಟರ್ ಮಾತ್ರ ಒಳಗಿಡಬೇಕು. ಬುಡದವರೆಗೆ ತುರುಕಿದರೆ ರಂಧ್ರದ ಒಳಗೋಡೆಯ ರಕ್ಷಣಾ ಪದರ ಕಿತ್ತುಹೋಗುತ್ತದೆ, ಹೊರಗಿನ ಕೊಳೆ ಒಳಕ್ಕೆ ಹೋಗುತ್ತದೆ. ಒಂದು ಟ್ಯೂಬನ್ನು ಎರಡು ಮೊಲೆಗೆ ಹಂಚಿದರೆ ಎರಡಕ್ಕೂ ಅರೆಡೋಸ್, ಜೊತೆಗೆ ಒಂದರ ಸೋಂಕು ಇನ್ನೊಂದಕ್ಕೆ. ಹಾಗೆ ಕೊಳಕಾಗಿ ಹಾಕಿದ ಟ್ಯೂಬಿನಿಂದ ಯೀಸ್ಟ್ ಸೇರಿಕೊಂಡರೆ ಕಷ್ಟ, ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟದು.

ಎಲ್ಲ ಬಾವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಎಂಬ ಸೂಕ್ಷ್ಮಾಣು ಹಳೆಯ ಪೆನಿಸಿಲಿನ್‌ಗೇ ಸಾಮಾನ್ಯವಾಗಿ ಬಗ್ಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಚ್ಚಲಿನ ಜೀವಕೋಶಗಳ ಒಳಗೇ ಅಡಗಿ, ಸುತ್ತ ನಾರುಗಟ್ಟಿದ ಕೋಟೆ ಕಟ್ಟಿಕೊಳ್ಳುತ್ತದೆ. ಕೆಚ್ಚಲು ಕಲ್ಲಾದ ಹಳೆಯ ಪ್ರಕರಣದಲ್ಲಿ ಅದಕ್ಕೆ ಎಷ್ಟು ದುಬಾರಿ ಔಷಧ ಕೊಟ್ಟರೂ ಗುಣ ಕಾಣುವುದು ಅಪರೂಪ. ಇ. ಕೋಲಿಯ ಸೌಮ್ಯ ಬಾವನ್ನು ಹಸುವಿನ ದೇಹವೇ ಎಷ್ಟೋ ಸಲ ತೊಡೆದುಹಾಕುತ್ತದೆ. ಹೀಗಿರುವಾಗ ಯಾವ ಸೂಕ್ಷ್ಮಾಣು ಎಂದು ತಿಳಿಯದೆ ಎಲ್ಲಕ್ಕೂ ಒಂದೇ ಬಾಟಲಿ ಚುಚ್ಚುವುದು ಕತ್ತಲಲ್ಲಿ ಕಲ್ಲೆಸೆದಂತೆ. ಹಾಲಿನ ಮಾದರಿ ತೆಗೆಯಲು ಐದು ನಿಮಿಷ ಸಾಕು. ಯಾವ ಔಷಧವನ್ನೂ ಕೊಡುವ ಮುಂಚೆ, ಕೈ ತೊಳೆದು, ಮೊಲೆಯ ತುದಿಯನ್ನು ಶೇ 70ರ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಟ್ಟು, ಮೊದಲ ಮೂರು–ನಾಲ್ಕು ಧಾರೆ ಚೆಲ್ಲಿ, ಔಷಧದಂಗಡಿಯ ಸ್ಟೆರೈಲ್ ಸೀಸೆಯನ್ನು ಓರೆ ಹಿಡಿದು 5ರಿಂದ 10 ಮಿಲಿಲೀಟರ್ ಹಿಡಿಯಬೇಕು. ಮುಚ್ಚಳದ ಒಳಭಾಗ ಮುಟ್ಟಬಾರದು. ಹಸುವಿನ ಕಿವಿಯೋಲೆಯ 12 ಅಂಕಿಯ ಗುರುತಿನ ಸಂಖ್ಯೆ, ಯಾವ ಮೊಲೆ, ಯಾವ ದಿನ ಎಂದು ಬರೆದು ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬಿಗೆ. ಇಂಜೆಕ್ಷನ್ ಹಾಕಿದ ಮೇಲೆ ತೆಗೆದ ಮಾದರಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ‘ಲ್ಯಾಬಿನವರು ಏನೂ ಇಲ್ಲ ಅಂತಾರೆ’ ಎಂಬ ದೂರಿನ ಮೂಲ ಎಷ್ಟೋ ಸಲ ಇದೇ.

ಕೆಚ್ಚಲಿಗೆ ಸಂಬಂಧವೇ ಇಲ್ಲದ ಕಡೆಯೂ ಆಂಟಿಬಯೋಟಿಕ್ ಪೋಲಾಗುತ್ತದೆ. ಮೂರು ದಿನದ ಜ್ವರ ವೈರಸ್‌ನಿಂದ ಬರುವುದು. 2022ರಲ್ಲಿ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗವೂ ಅಷ್ಟೇ, ಗಾಯಕ್ಕೆ ಸೋಂಕು ತಗುಲಿದರೆ ಮಾತ್ರ ಆಂಟಿಬಯೋಟಿಕ್‌ಗೆ ಕೆಲಸ. ಉಣ್ಣೆಹುಳುವಿನಿಂದ ಬರುವ ಥೈಲೀರಿಯಾ ಜ್ವರಕ್ಕೆ ಬೇಕಾದ್ದು ಆಂಟಿಬಯೋಟಿಕ್ ಅಲ್ಲ, ಬೂಪಾರ್ವಕ್ವೋನ್ ಎಂಬ ಔಷಧ. ಕರುಗಳ ಭೇದಿಗೆ ಮೊದಲು ಉಪ್ಪು–ಸಕ್ಕರೆಯ ನೀರು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಳಿಯುವ ಖರ್ಚು ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾವು ಬಾರದಂತೆ ನೋಡಿಕೊಳ್ಳುವುದರಲ್ಲಿ ರಹಸ್ಯವೇನಿಲ್ಲ. ಕರೆದು ಮುಗಿದ ಮೇಲೆ ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಸು ಮಲಗದಂತೆ, ಕರೆದ ಮೇಲೆ ಮೇವು ಹಾಕಿದರೆ ಸಾಕು. ಕರೆದ ತಕ್ಷಣ ಪ್ರತಿ ಮೊಲೆಯನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಶೇ 5ರ ಪೊವಿಡೋನ್ ಅಯೋಡಿನ್‌ನಲ್ಲಿ ಸಿಗುವ ಅಯೋಡಿನ್ ಸುಮಾರು ಶೇ 0.5, ಮೊಲೆಗೆ ಬೇಕಾದ್ದು ಅಷ್ಟೇ, ನೀರು ಬೆರೆಸಬೇಕಿಲ್ಲ. ಚರ್ಮ ಒಡೆಯದಂತೆ ನಾಲ್ಕು ಪಾಲಿಗೆ ಒಂದು ಪಾಲು ಗ್ಲಿಸರಿನ್ ಸೇರಿಸಬಹುದು. ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬಾರದು. ಹೆಬ್ಬೆರಳು ಮಡಚಿ ಕರೆಯುವ ಅಭ್ಯಾಸ ಬಿಟ್ಟು ಅಂಗೈ ತುಂಬ ಹಿಡಿದು ಕರೆಯಬೇಕು. ಗೆಣ್ಣಿನ ಒತ್ತಡಕ್ಕೆ ಮೊಲೆಯ ಒಳಗೆ ಗಾಯವಾಗುತ್ತದೆ. ಬಾವಿರುವ ಹಸುವನ್ನು ಕೊನೆಗೆ ಕರೆಯಬೇಕು. ಕರೆಯುವ ಯಂತ್ರವಿದ್ದರೆ ರಬ್ಬರ್ ಲೈನರ್ ಬಿರಿದಿದೆಯೇ ಎಂದು ನೋಡದೆ ಉಳಿದದ್ದನ್ನೆಲ್ಲ ಮಾಡಿ ಪ್ರಯೋಜನವಿಲ್ಲ.

ಕಣ್ಣಿಗೆ ಕಾಣದ ಬಾವನ್ನು ಮನೆಯಲ್ಲೇ ಹಿಡಿಯಬಹುದು. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ಹಿಡಿದು, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಹಾಕಿ ತಿರುಗಿಸಿದರೆ, ಬಾವಿರುವ ಮೊಲೆಯ ಹಾಲು ಲೋಳೆಯಾಗುತ್ತದೆ. ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎಂದು ಸಿಗುವ ಕಿಟ್ ಇದು. ಇಲ್ಲದವರು ಬಟ್ಟೆ ಒಗೆಯುವ ಪುಡಿ 3 ಗ್ರಾಂ ಅನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಬಳಸಬಹುದು. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಗಡ್ಡೆ ಕಾಣುವ ಮುಂಚೆಯೇ ಎಚ್ಚರವಾಗಬಹುದು. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ.

ಶುರುವಿನ ಹಂತಕ್ಕೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೇಪನವೊಂದಿದೆ: ಲೋಳೆಸರ 250 ಗ್ರಾಂ, ಅರಿಸಿನ ಪುಡಿ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ ರುಬ್ಬಿದರೆ ಕೆಂಪಗಾಗುತ್ತದೆ. ಒಂದು ಹಿಡಿಯನ್ನು 150–200 ಮಿಲಿಲೀಟರ್ ನೀರಲ್ಲಿ ಕದಡಿ, ಕೆಚ್ಚಲು ತೊಳೆದು ಒರೆಸಿ, ದಿನಕ್ಕೆ ಹತ್ತು ಸಲ ಐದು ದಿನ ಹಚ್ಚಬೇಕು. ಎರಡು ಸಲ ಹಚ್ಚಿ ‘ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು. ಹಾಗೆಂದು ಜ್ವರವಿದ್ದು, ಹಸು ಮೇವು ಬಿಟ್ಟು, ಹಾಲು ನೀರಾಗಿ ಅಥವಾ ರಕ್ತವಾಗಿ ಬರುತ್ತಿದ್ದರೆ ಲೋಳೆಸರ ಹುಡುಕುತ್ತ ಕೂರಬಾರದು. ಆಗ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು.

ಮುಂದಿನ ಕರು ಹಾಕುವ ಮುಂಚೆ ಹಾಲು ಬತ್ತಿಸುವಾಗ ನಾಲ್ಕೂ ಮೊಲೆಗೆ ಟ್ಯೂಬ್ ಹಾಕಿಬಿಡುವ ರೂಢಿ ದೊಡ್ಡ ಫಾರಂಗಳಲ್ಲಿ ಬರುತ್ತಿದೆ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಇಂಥ ಸಾರಾಸಗಟು ಬಳಕೆಯನ್ನು ಬಿಡಿಸಿದೆ. ಸೋಂಕಿರುವ ಹಸುವಿಗೆ ಮಾತ್ರ ಆಂಟಿಬಯೋಟಿಕ್, ಉಳಿದವಕ್ಕೆ ಮೊಲೆಯ ರಂಧ್ರ ಮುಚ್ಚುವ ಔಷಧರಹಿತ ಸೀಲಂಟ್. ನಾವು ಆ ತಪ್ಪನ್ನು ಮಾಡಿಯೇ ಕಲಿಯಬೇಕಾಗಿಲ್ಲ. ಬತ್ತಿಸುವ ಟ್ಯೂಬಿನ ಔಷಧ ವಾರಗಟ್ಟಲೆ ನಿಲ್ಲುವಂಥದ್ದು. ಅದನ್ನು ಕರೆಯುವ ಹಸುವಿಗೆ ಹಾಕಿದರೆ ಏಳು ದಿನದ ಲೆಕ್ಕವೂ ಸಾಲದು. ಪೆಟ್ಟಿಗೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿರುವುದರಿಂದ ಈ ಅದಲುಬದಲು ಆಗುತ್ತಲೇ ಇರುತ್ತದೆ. ಕೆಚ್ಚಲಿನ ಟ್ಯೂಬುಗಳ ಮೇಲೆ ಹಾಲು ಬಳಸಬಾರದ ದಿನಗಳನ್ನು ಕನ್ನಡದಲ್ಲಿ ಮುದ್ರಿಸಲು ಏನು ಅಡ್ಡಿ?

ಈಗ ಹಣದ ಮಾತು. ಸಂಘದಲ್ಲಿ ನೋಡುವುದು ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ). ಔಷಧ ಅದರಲ್ಲಿ ಕಾಣುವುದಿಲ್ಲ. ಕ್ಯಾನುಗಳ ಹಾಲನ್ನೆಲ್ಲ ಬಿಎಂಸಿಗೆ, ಅಂದರೆ ಹಾಲು ತಣಿಸುವ ದೊಡ್ಡ ತೊಟ್ಟಿಗೆ, ಸುರಿದ ಮೇಲೆ ಪರೀಕ್ಷಿಸಿದರೆ ಯಾರ ಹಾಲು ಎಂದು ತಿಳಿಯದು. ಹಾಲಿನಲ್ಲಿ ಔಷಧವಿದೆಯೇ ಎಂದು ಹತ್ತು ನಿಮಿಷದೊಳಗೆ ಫಲಿತಾಂಶ ಕೊಡುವ ಪರೀಕ್ಷಾ ಪಟ್ಟಿಗಳು ಮಾರುಕಟ್ಟೆಯಲ್ಲಿವೆ. ಆದರೆ ಪಟ್ಟಿಯನ್ನು ದಂಡಕ್ಕೆ ಮಾತ್ರ ಬಳಸಿದರೆ ರೈತರು ಚಿಕಿತ್ಸೆಯನ್ನೇ ಮುಚ್ಚಿಡುತ್ತಾರೆ, ಇಲ್ಲವೇ ಆ ಹಾಲನ್ನು ಪಟ್ಟಿ ಇಲ್ಲದ ಹೋಟೆಲಿಗೆ, ಮನೆ ಬಾಗಿಲಿಗೆ ಹಾಕುತ್ತಾರೆ. ನಷ್ಟ ಹಂಚಿಕೊಳ್ಳದೆ ನಿಯಮ ನಡೆಯದು.

ದಿನಕ್ಕೆ 500 ಲೀಟರ್ ಹಾಲು ಬರುವ ಒಂದು ಸಂಘವನ್ನು ತೆಗೆದುಕೊಳ್ಳಿ. ಲೀಟರಿಗೆ 40 ಪೈಸೆ ಎತ್ತಿಟ್ಟರೆ ದಿನಕ್ಕೆ ₹200, ತಿಂಗಳಿಗೆ ₹6,000. ಮೇಲೆ ಹೇಳಿದ ₹3,500ರ ನಷ್ಟದಲ್ಲಿ ಅರ್ಧವನ್ನು, ಅಂದರೆ ₹1,750 ಅನ್ನು, ತಿಂಗಳಿಗೆ ಮೂರು ಹಸುಗಳಿಗೆ ಇದರಲ್ಲಿ ಕೊಡಬಹುದು. ಆ 40 ಪೈಸೆಯಲ್ಲಿ 20ನ್ನು ಸಂಘ, 20ನ್ನು ಹಾಲು ಒಕ್ಕೂಟ ಹಾಕಲಿ. ಪಡೆಯಲು ಷರತ್ತು: ಪಶುವೈದ್ಯರ ಚೀಟಿ, ಅದರಲ್ಲಿ ಕಿವಿಯೋಲೆಯ ಸಂಖ್ಯೆ, ಔಷಧದ ಹೆಸರು, ಹಾಲು ಮತ್ತೆ ಹಾಕಬಹುದಾದ ದಿನಾಂಕ. ಚಿಕಿತ್ಸೆಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿರಬೇಕು, ಮನೆಯಲ್ಲಿ ಬೇರೆಯವರು ಕರೆದರೂ ತಿಳಿಯಲಿ. ಮತ್ತೆ ಹಾಲು ಹಾಕುವ ಮೊದಲ ದಿನ ಪರೀಕ್ಷಾ ಪಟ್ಟಿಯಲ್ಲಿ ಪಾಸಾಗಬೇಕು. ಚೀಟಿಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿದವರಿಗೆ ಹಣವಿಲ್ಲ. ಚೀಟಿ ಕೇಳದೆ ಆಂಟಿಬಯೋಟಿಕ್ ಮಾರುವುದು ಕಾನೂನಿಗೆ ವಿರುದ್ಧ. ಸೆಫ್‌ಟ್ರಯಾಕ್ಸೋನ್‌ನಂಥ ಔಷಧಗಳು 2014ರಿಂದ ಔಷಧ ನಿಯಮಾವಳಿಯ ಎಚ್‌1 ಅನುಸೂಚಿಯಲ್ಲಿದ್ದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿಗೆ ದುಡ್ಡು ಸಿಗುತ್ತದೆ ಎಂದಾದರೆ ಅದನ್ನು ಕೇಳುವವರು ರೈತರೇ ಆಗುತ್ತಾರೆ.

ಲ್ಯಾಬಿನ ವಿಷಯಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಪಶುವೈದ್ಯ ಕಾಲೇಜೂ ಇದೆ. ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲೂ ಕಾಲೇಜುಗಳಿವೆ. ಕೊರತೆ ಇರುವುದು ಮಾದರಿಯನ್ನು ಐಸ್ ಕರಗುವ ಮುಂಚೆ ತಲುಪಿಸುವುದರಲ್ಲಿ. ಬಿಎಂಸಿಯಿಂದ ಡೇರಿಗೆ ಟ್ಯಾಂಕರ್ ಹೇಗೂ ಓಡುತ್ತಿರುತ್ತದೆ. ಅದರಲ್ಲಿ ಬೀಗ ಹಾಕಿದ ಒಂದು ಐಸ್ ಪೆಟ್ಟಿಗೆ ಇಟ್ಟರೆ ಹಳ್ಳಿಯ ಮಾದರಿ ಜಿಲ್ಲಾ ಕೇಂದ್ರ ಮುಟ್ಟುತ್ತದೆ. ವರದಿಗೆ ಎರಡು–ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಮೊದಲ ಸಾಲಿನ ಔಷಧ ಕೊಡಲಿ, ಎರಡನೆಯದಕ್ಕೆ ದಾಟುವುದು ವರದಿ ಬಂದ ಮೇಲಾಗಲಿ. ಹಾಲು ಒಕ್ಕೂಟಗಳು ಒಂದೊಂದು ತಾಲ್ಲೂಕನ್ನು ಆರಿಸಿ ಒಂದು ವರ್ಷ ಇದನ್ನು ನಡೆಸಿ, ಎಷ್ಟು ಚೀಟಿ ಬಂದವು, ಎಷ್ಟು ಕ್ಯಾನ್ ಪರೀಕ್ಷಾ ಪಟ್ಟಿಯಲ್ಲಿ ಫೇಲಾದವು ಎಂಬ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದಿಡಬೇಕು ಎಂಬುದು ನನ್ನ ಬೇಡಿಕೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪಶುವೈದ್ಯ, ಮಂಡ್ಯ ಜಿಲ್ಲೆ